ಸಾಗರ, ಹೆಗ್ಗೋಡಿನ ಕಡೆ ಮಳೆ, ನಾಟಕ, ಚಿತ್ತಾರ ಮೂರೂ ನೋಡಲು ಯಾವಾಗ ಬರಬೇಕು?

ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಬಂದರೆ ಮೂರೂ ಸಿಗುತ್ತವೆಯೇ ಎಂದು ಕೇಳಿದ್ದೀರಿ. ಜಡಿಮಳೆಯೊಂದೇ ಸಾಕು ಅನ್ನುವುದಾದರೆ ಜುಲೈಗೇ ಬನ್ನಿ. ಮೂರೂ ಬೇಕಾದರೆ ಅಕ್ಟೋಬರ್. ನಮ್ಮ ಕಡೆ ಯಾವ ಕೆಲಸ ಯಾವಾಗ ಅನ್ನುವುದನ್ನು ಮಳೆಯೇ ಗೊತ್ತುಮಾಡುತ್ತದೆ.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ. ಅದರ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ. ಮಳೆಗಾಲ ಅವರಿಗೆ ತಾಲೀಮಿನ ಕಾಲ. ಮಳೆ ಹಿಂದೆಗೆದ ಮೇಲೆ ನಾಟಕ ರಂಗಕ್ಕೆ ಬಂದು, ಆಮೇಲೆ ಲಾರಿ ಹತ್ತುತ್ತದೆ. ನೀನಾಸಂನ ಸಂಸ್ಕೃತಿ ಶಿಬಿರವೂ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲೇ. ಯಕ್ಷಗಾನವೂ ಹಾಗೇ. ಮೇಳಗಳು ಬಯಲಿಗೆ ಬರುವುದು ದೀಪಾವಳಿ ಹೊತ್ತಿಗೆ, ಮಳೆಗಾಲದಲ್ಲಿ ಏನಿದ್ದರೂ ವೇಷ, ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಜಗಲಿಯ ತಾಳಮದ್ದಳೆ. ಜುಲೈನಲ್ಲೇ ಬರುವವರು ಅದನ್ನು ತಪ್ಪಿಸಿಕೊಳ್ಳಬೇಡಿ. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಕರ್ಣ–ಶಲ್ಯರ ವಾದ: ಅದರ ರುಚಿಯೇ ಬೇರೆ.

ಚಿತ್ತಾರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಮೊದಲು ಸಗಣಿ ಸಾರಿಸಿ, ಅದು ಒಣಗಿದ ಮೇಲೆ ಕೆಮ್ಮಣ್ಣು ಬಳಿಯಬೇಕು. ಬಿಳಿಗೆ ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಹಿಟ್ಟು. ಒಂದು ಬುಟ್ಟಿಗೆ ಒಂದೆರಡು ಹಿಡಿ ಅಕ್ಕಿ ಧಾರಾಳ. ಕಪ್ಪಿಗೆ ಅಕ್ಕಿಯನ್ನೇ ಕರ್ರಗೆ ಹುರಿದು, ನೆನೆಸಿ, ಅರೆಯುತ್ತಾರೆ. ಹಳದಿ ಬರುವುದು ಗುರಿಗೆ ಅನ್ನುವ ಕಾಡುಗಿಡದ ಬೀಜದಿಂದ. ಕುಂಚ ಅಂದರೆ ಪುಂಡಿ ನಾರು, ತುದಿ ಜಜ್ಜಿ ಬಿಡಿಸಿದ್ದು.

ಕೆಡುವುದು ಎರಡು ಕಡೆ. ಗಾಳಿಯಲ್ಲಿ ಪಸೆ ಇದ್ದರೆ ಕೆಮ್ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಅದರ ಮೇಲೆ ಎಳೆದ ಬಿಳಿ ಎಳೆ ಅಂಚಿನಲ್ಲಿ ಕದಡಿ ಕೆಂಪಗಾಗುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಪುಡಿ ಉದುರಿದರೆ ಒಣಗಿದೆ, ಮೆತ್ತಿಕೊಂಡರೆ ಇಲ್ಲ. ಇನ್ನೊಂದು, ಅಕ್ಕಿಹಿಟ್ಟು. ತೆಳುವಾದರೆ ಒಣಗಿದ ಮೇಲೆ ಕಾಣುವುದೇ ಇಲ್ಲ, ದಪ್ಪವಾದರೆ ಬಿರಿದು ಉದುರುತ್ತದೆ. ದೋಸೆ ಹಿಟ್ಟಿಗಿಂತ ತೆಳ್ಳಗೆ, ಹಾಲಿಗಿಂತ ಗಟ್ಟಿಯಾಗಿ ಇರಲಿ. ನಿನ್ನೆಯ ಹಿಟ್ಟು ಹುಳಿ ಬಂದಿದ್ದರೆ ಚೆಲ್ಲಿಬಿಡಿ.

ಅಕ್ಟೋಬರ್‌ನಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಗಿಡದೊಳಗೇ ಇರುತ್ತದೆ. ಬಸುರಿ ಭೂಮಿಗೆ ಬಯಕೆ ಬಡಿಸಲು ಭೂಮಿ ಹುಣ್ಣಿಮೆಯ ದಿನ ಇದೇ ಬುಟ್ಟಿಯನ್ನು ಬೆಳಕು ಹರಿಯುವ ಮುಂಚೆ ಗದ್ದೆಗೆ ಹೊರುತ್ತಾರೆ. ನೋಡಬೇಕೆಂದರೆ ಮನೆಯವರನ್ನು ಮೊದಲೇ ಕೇಳಿ. ಅದು ಪೂಜೆ, ಪ್ರದರ್ಶನವಲ್ಲ. ಆ ನಸುಕಿನ ಹೊತ್ತಿಗಾಗಿಯೇ ನಾನು ಅಕ್ಟೋಬರ್ ಅನ್ನುವುದು. ಹುಣ್ಣಿಮೆ ಕೆಲವು ವರ್ಷ ಮೊದಲ ವಾರದಲ್ಲೇ ಬರುತ್ತದೆ, ಕೆಲವು ವರ್ಷ ಕೊನೆಯಲ್ಲಿ. ಪಂಚಾಂಗ ನೋಡಿ, ಶಿಬಿರದ ದಿನಗಳನ್ನೂ ವಿಚಾರಿಸಿ ಟಿಕೆಟ್ ಮಾಡಿಸಿ.

ಬೆಂಗಳೂರಿನಿಂದ ತಾಳಗುಪ್ಪ ರೈಲು ಹಿಡಿದು ಸಾಗರದಲ್ಲಿ ಇಳಿಯಿರಿ. ಹೆಗ್ಗೋಡು ಅಲ್ಲಿಂದ ಸುಮಾರು 8 ಕಿಲೋಮೀಟರ್. ಪಕ್ಕದ ಭೀಮನಕೋಣೆಯಲ್ಲಿ ಚರಕ ಅನ್ನುವ ಸಹಕಾರಿ ಸಂಘದ ಹೆಣ್ಣುಮಕ್ಕಳು ನೇಯ್ದ, ನೈಸರ್ಗಿಕ ಬಣ್ಣದ ಬಟ್ಟೆ ಸಿಗುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ನೀರಾದ ಚೊಗರಿನ ಕೆಂಗಂದು ಬಣ್ಣ ನಮ್ಮೂರಿನದೇ ಬಣ್ಣ. ಅಂಥ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿ ಒಗೆಯಿರಿ, ಅಂಟುವಾಳ ಒಳ್ಳೆಯದು, ನೆರಳಲ್ಲಿ ಒಣಗಿಸಿ. ಪಸೆ ಇರುವಾಗ ಮಡಿಸಿಟ್ಟರೆ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಪುಸ್ತಕ ಕೊಂಡರೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ಒಯ್ಯಿರಿ, ಅಕ್ಟೋಬರ್‌ನ ಸಂಜೆ ಮಳೆ ಹೇಳಿ ಬರುವುದಿಲ್ಲ. ತೋಟಕ್ಕೆ ಇಳಿಯುವವರು ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಒಂದು ಚಿಟಿಕೆ ಉಪ್ಪು ಜೇಬಿನಲ್ಲಿಟ್ಟುಕೊಳ್ಳಿ. ಹತ್ತಿದ್ದನ್ನು ಜಗ್ಗಿ ಕೀಳಬೇಡಿ, ಗಾಯ ತುರಿಸುತ್ತಲೇ ಇರುತ್ತದೆ.