ಎರಡು ದಿನ ಮಗನನ್ನು ಬಿಟ್ಟು ಹೋಗಬಹುದಾ?

ಪ್ರಶ್ನೆ: ನನಗೆ 41 ವರ್ಷ. ಮಗನಿಗೆ 13, ಸೆರೆಬ್ರಲ್ ಪಾಲ್ಸಿ ಇದೆ. ನಡೆಯಲು ಆಗುವುದಿಲ್ಲ. ಸ್ನಾನ, ಊಟ, ಬಟ್ಟೆ ಎಲ್ಲ ನಾನೇ. ಒಂದು ವರ್ಷದಿಂದ ಸೊಂಟನೋವು. ರಾತ್ರಿ ಮೂರ್ನಾಲ್ಕು ಸಲ ಏಳಬೇಕು. ಮುಂದಿನ ತಿಂಗಳು ತಂಗಿ ಮಗಳ ಮದುವೆ, ಎರಡು ದಿನ ಹೋಗುವ ಆಸೆ. ‘ಅವನನ್ನು ನೋಡಿಕೊಳ್ಳೋಕೆ ನನಗೆ ಬರಲ್ಲ’ ಅಂತಾರೆ ಯಜಮಾನರು. ಒಮ್ಮೊಮ್ಮೆ ನಾವಿಬ್ಬರೂ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ನಾನು ಕೆಟ್ಟ ತಾಯಿನಾ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅಲ್ಲ ತಂಗಿ. ಇಷ್ಟು ವರ್ಷ ನಿದ್ದೆಗೆಟ್ಟರೆ ಯಾರ ಮನಸ್ಸಾದರೂ ಕುಸಿಯುತ್ತದೆ. ಆದರೆ ಆ ಕೊನೆಯ ಯೋಚನೆಯನ್ನು ಒಬ್ಬರೇ ಹೊತ್ತುಕೊಂಡು ಕೂರಬೇಡಿ. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಇನ್ನು ಸೊಂಟ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ವೀಲ್‌ಚೇರ್‌ಗೆ ಅಂತ ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ, ಎಣಿಸಿದ್ದೀರಾ? ಬಗ್ಗಿ, ಸೊಂಟ ತಿರುಗಿಸಿ ಎತ್ತಿದರೆ ಪೆಟ್ಟು ಜಾಸ್ತಿ. ಮಂಡಿ ಮಡಚಿ, ಅವನನ್ನು ಮೈಗೆ ಒತ್ತಿಕೊಂಡು, ಕಾಲಿನ ಬಲದಲ್ಲಿ ಏಳಿ. ತಿರುಗುವಾಗ ಪಾದ ಎತ್ತಿಟ್ಟು ತಿರುಗಿ. ಮಗನ ಫಿಸಿಯೋಥೆರಪಿಗೆ ಹೋದಾಗ ‘ಎತ್ತೋದು ನನಗೂ ಹೇಳಿಕೊಡಿ’ ಅಂತ ಕೇಳಿ. ಕೆಮ್ಮಿದರೆ ಮೂತ್ರ ಸೋರುತ್ತದಾ? ಇದನ್ನು ಎಷ್ಟೋ ತಾಯಂದಿರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ. ರಕ್ತ, ಥೈರಾಯ್ಡ್, ಬಿಪಿ ಒಮ್ಮೆ ಪರೀಕ್ಷೆ ಮಾಡಿಸಿ.

ಯಜಮಾನರ ‘ಬರಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗೂ ಮೊದಲ ದಿನ ಬಂದಿರಲಿಲ್ಲ, ಅಲ್ವಾ? ಮದುವೆಗೆ ಇನ್ನೂ ತಿಂಗಳಿದೆ. ಈ ಭಾನುವಾರ ಸ್ನಾನ ಅವರು ಮಾಡಿಸಲಿ. ನೀವು ಪಕ್ಕದಲ್ಲಿ ನಿಂತಿರಿ. ಮುಂದಿನ ವಾರ ಊಟ. ಆಮೇಲೆ ಒಂದು ರಾತ್ರಿ ಮಗನ ಹತ್ತಿರ ಅವರು ಮಲಗಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಮಾತ್ರೆ ಎಷ್ಟು ಹೊತ್ತಿಗೆ, ತಿನ್ನಿಸುವಾಗ ತಲೆ ಹೇಗೆ ಹಿಡಿಯಬೇಕು, ಯಾವ ಸದ್ದು ಮಾಡಿದರೆ ಅವನಿಗೆ ಏನು ಬೇಕು, ಎಲ್ಲ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಇಂಥ ಮಕ್ಕಳಿಗೆ ಸರ್ಕಾರದ ಆರೋಗ್ಯ ವಿಮೆ ‘ನಿರಾಮಯ’ ಇದೆ. ಅದನ್ನು ಮಾಡಿಸಿಲ್ಲದಿದ್ದರೆ ಆ ಓಡಾಟವೂ ಅವರದೇ ಆಗಲಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರಿದೆ.

ಮದುವೆಗೆ ಹೋಗಿ ಬನ್ನಿ. ಹೊರಡುವ ಮುನ್ನ ಮಗನ ಪಕ್ಕ ಕೂತು, ‘ಎರಡು ದಿನ ಅಪ್ಪನ ಜೊತೆ ಇರು, ಬಂದುಬಿಡ್ತೀನಿ’ ಅಂತ ಹೇಳಿ. ಹೇಳದೆ ಹೋದರೆ ಅವನು ನಿಮ್ಮನ್ನು ಹುಡುಕುತ್ತಾನೆ.