ಹಳೇ ಸೀಸದ ಸೈನಿಕರಿಗೆ ಬೆಲೆ ಕಟ್ಟುವುದು

ಬ್ರಿಟನ್ಸ್ ಅನ್ನೋ ಇಂಗ್ಲಿಷ್ ಆಟಿಕೆ ಕಂಪನಿಯ ಎಂಟು ಗೊಂಬೆ ಸೈನಿಕರು ಡಬ್ಬಿ ಸಮೇತ ಇದ್ದಾರೆ, ಬಣ್ಣ ಹಚ್ಚಿ ಮಾರಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ! ಹೊಸ ಬಣ್ಣ ಬಿತ್ತು ಅಂದ್ರೆ ಬೆಲೆಯೂ ಬಿತ್ತು. ಚಕ್ಕೆ ಎದ್ದಿದ್ದರೂ ಹಳೇ ಬಣ್ಣಕ್ಕೇ ಬೆಲೆ ಜಾಸ್ತಿ.

ಮೊದಲು ಸೀಸದ್ದಾ, ಪ್ಲಾಸ್ಟಿಕ್ಕಾ ನೋಡಿ. ಒಳಗೆ ಟೊಳ್ಳಾದ ಸೀಸದ ಗೊಂಬೆಗಳನ್ನು ಬ್ರಿಟನ್ಸ್ ಕಂಪನಿಯವರು 1893ರಲ್ಲಿ ಶುರುಮಾಡಿ 1966ರಲ್ಲಿ ನಿಲ್ಲಿಸಿದರು. ಆಮೇಲೆ ಕುತ್ತಿಗೆ ಗಮನಿಸಿ. ಮುರಿದ ತಲೆಯನ್ನು ಬೆಂಕಿಕಡ್ಡಿ ತುರುಕಿ ಕೂರಿಸುವುದು ಹಳೇ ಮನೆಮದ್ದು! ಡಬ್ಬಿಯ ಮೇಲಿನ ಸೆಟ್ ನಂಬರಿಗೂ ಒಳಗಿರುವವರಿಗೂ ತಾಳೆಯಾಗಬೇಕು.

ಅದೇ ನಂಬರಿನ ಸೆಟ್ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಹುಡುಕಿ. ಮಾರುವವರು ಕೇಳುವ ಬೆಲೆ ನಂಬಬೇಡಿ, ಅದನ್ನು ಯಾರು ಬೇಕಾದರೂ ಸುಮ್ನೆ ಬರೆಯಬಹುದು ಅಲ್ವಾ? ಸೀಸ ಕೆಟ್ಟು ಬಿಳಿ ಪುಡಿ ಎದ್ದಿರುವ ಗೊಂಬೆಯನ್ನು ಬೇರೆ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.