ಯಾವ ಸರ್ಚ್ ಎಂಜಿನ್ ಒಳ್ಳೆಯದು ಎಂದು ಕೇಳುವ ಮುನ್ನ

ಪ್ರಶ್ನೆ: ಇನ್‌ಕಾಗ್ನಿಟೊದಲ್ಲಿ, ಅಂದರೆ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಹುಡುಕಿದರೆ ಯಾರಿಗೂ ತಿಳಿಯುವುದಿಲ್ಲವಲ್ಲವೇ? (ಯಾದಗಿರಿ)

ಉತ್ತರ: ನಿಮ್ಮ ಮೊಬೈಲ್ ಎತ್ತಿಕೊಂಡು ನೋಡುವ ಮನೆಯವರಿಗೆ ತಿಳಿಯುವುದಿಲ್ಲ, ಅಷ್ಟೇ.

ಪ್ರಶ್ನೆ: ಗೂಗಲ್ ಬಿಟ್ಟು ಬೇರೆ ಸರ್ಚ್ ಎಂಜಿನ್ ಬಳಸು ಎಂದು ಮಗ ಹೇಳುತ್ತಾನೆ. ನಾನು ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರ, ವಯಸ್ಸು 61. ಎಲ್ಲಕ್ಕಿಂತ ಉತ್ತಮವಾದುದು ಯಾವುದು? ಈ ವಯಸ್ಸಿನಲ್ಲಿ ಹೊಸದನ್ನು ಕಲಿಯುವ ಗೋಜು ಬೇಕೆ?

ಉತ್ತರ: ಇದೇ ಪ್ರಶ್ನೆ ಸೇಡಂನಿಂದಲೂ ಬೀದರ್‌ನಿಂದಲೂ ಬರುತ್ತಲೇ ಇದೆ. ಯಾವುದು ಉತ್ತಮ ಎಂದು ಕೇಳುವವರು ಯಾವ ಕೆಲಸಕ್ಕೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ತೊಗರಿ ಬೆಳೆಗಾರರೆಂದು ನೀವು ಬರೆದಿದ್ದರಿಂದ ನನ್ನ ಕೆಲಸ ಹಗುರಾಯಿತು.

ಹೆಸರು ಹತ್ತಿವೆಯೆಂದು ಎಂಜಿನ್‌ಗಳೂ ಹತ್ತಿವೆ ಎಂದು ತಿಳಿಯಬೇಡಿ. ಅಂತರ್ಜಾಲದ ಪುಟಗಳನ್ನು ತಾವೇ ಸುತ್ತಿ ಸ್ವಂತ ಸೂಚಿ ಕಟ್ಟಿಕೊಂಡವು ಕೆಲವೇ: 1998ರಲ್ಲಿ ಸ್ಥಾಪನೆಯಾದ ಗೂಗಲ್, 2009ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಬಿಂಗ್, ರಷ್ಯಾದ ಯಾಂಡೆಕ್ಸ್, 2021ರಲ್ಲಿ ಶುರುವಾದ ಬ್ರೇವ್ ಸರ್ಚ್, ಹೀಗೆ. ಯಾಹೂ ಮತ್ತು ಡಕ್‌ಡಕ್‌ಗೋ ತೋರಿಸುವ ಫಲಿತಾಂಶಗಳಲ್ಲಿ ಬಹುಪಾಲು ಬಿಂಗ್‌ನಿಂದ ಬಂದವು. ಒಂದೇ ದಾಲ್ ಮಿಲ್ಲಿನ ಬೇಳೆ ಮೂರು ಹೆಸರಿನ ಚೀಲಗಳಲ್ಲಿ ಬಂದಂತೆ. ನೀವು ಏನೇನು ಹುಡುಕಿದಿರೆಂಬ ಲೆಕ್ಕ ಇಡುವುದಿಲ್ಲವೆಂಬುದು ಡಕ್‌ಡಕ್‌ಗೋದ ಭರವಸೆ. ಆ ಕಾರಣಕ್ಕೆ ಅದನ್ನು ಆರಿಸಿಕೊಳ್ಳಬಹುದು, ಉತ್ತರ ಬೇರೆಯಾಗಿರುತ್ತದೆಂಬ ಆಸೆಯಿಂದಲ್ಲ.

ಹೋಲಿಸಿ ನೋಡಬೇಕೆಂದರೆ ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಿ. ತೊಗರಿಯ ನೆಟೆ ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುತ್ತದೆ, ಬಾಡಿದ ಗಿಡದ ಎಲೆಗೆ ಔಷಧ ಹೊಡೆದು ಉಪಯೋಗವಿಲ್ಲ, ಬೆಳೆ ಬದಲಿಸಬೇಕು, ಟಿಎಸ್-3ಆರ್‌ನಂತಹ ರೋಗ ತಡೆಯುವ ತಳಿ ಬಿತ್ತಬೇಕು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ‘ತೊಗರಿ ನೆಟೆ ರೋಗ’ ಎಂದು ಬರೆದು ಗೂಗಲ್, ಬಿಂಗ್, ಬ್ರೇವ್ ಮೂರರಲ್ಲೂ ಹುಡುಕಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಅಥವಾ ಕೃಷಿ ಇಲಾಖೆಯ ಮಾಹಿತಿ ಎಷ್ಟನೆಯ ಸಾಲಿನಲ್ಲಿದೆ, ‘ಒಂದೇ ಸಿಂಪಡಣೆಗೆ ಗುಣ’ ಎನ್ನುವ ಔಷಧದ ಜಾಹೀರಾತು ಎಷ್ಟನೆಯದರಲ್ಲಿದೆ ಎಂದು ಎಣಿಸಿ. ಆಮೇಲೆ ‘ಸೊರಗು ರೋಗ’ ಎಂದು ಬರೆದು ಇನ್ನೊಮ್ಮೆ ನೋಡಿ, ಏಕೆಂದರೆ ನಾವು ನೆಟೆ ಎನ್ನುವುದನ್ನು ಹಲವು ಕಡೆ ಹಾಗೆ ಬರೆದಿರುತ್ತಾರೆ. ಊರಿನ ಹೆಸರಿಗೂ ಇದೇ ತೊಡಕಿದೆ: ಗುಲಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್‌ನಲ್ಲಿ, ಅದಕ್ಕಿಂತ ಹಳೆಯ ವರದಿ ಬೇಕಾದವರು ಹಳೆಯ ಹೆಸರಿನಲ್ಲೂ ಹುಡುಕಬೇಕು. ಅಕ್ಷರಗಳನ್ನು ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಯುನಿಕೋಡ್‌ಗೆ ಬದಲಾಗದೆ ಹಳೆಯ ನುಡಿ ಫಾಂಟಿನಲ್ಲೇ ಉಳಿದ ಪುಟಗಳಂತೂ ಕನ್ನಡದಲ್ಲಿ ಹುಡುಕುವವನ ಕೈಗೆ ಸಿಗುವುದು ಅಪರೂಪ. ಅದಕ್ಕೆ ಎಂಜಿನ್ನನ್ನು ಬೈಯಬೇಡಿ.

ಈಗ ಫಲಿತಾಂಶಗಳ ಮೇಲ್ತುದಿಯಲ್ಲಿ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೊಂದು ಕಾಣಿಸುತ್ತದೆ. ಅದಕ್ಕೂ ಇದೇ ಪರೀಕ್ಷೆ ಒಡ್ಡಿ. ನೆಟೆ ರೋಗಕ್ಕೆ ಎಲೆಯ ಮೇಲೆ ಸಿಂಪಡಿಸಲು ಹೇಳಿತೋ, ಅಲ್ಲಿಗೆ ಅದರ ಯೋಗ್ಯತೆ ತಿಳಿಯಿತು. ಸರಿಯಾಗಿ ಹೇಳಿದರೂ ಲೀಟರಿಗೆ ಎಷ್ಟು ಮಿಲಿ ಎಂಬಂತಹ ಲೆಕ್ಕವನ್ನು ನಾನು ಅದರಿಂದ ತೆಗೆದುಕೊಳ್ಳುವುದಿಲ್ಲ, ಕೆಳಗಿನ ಮೂಲ ಪುಟ ತೆರೆದು ಓದುತ್ತೇನೆ. ಫೋನ್ ನಂಬರನ್ನಂತೂ ಯಾವ ಎಂಜಿನ್‌ನಿಂದಲೂ ಪಡೆಯುವುದಿಲ್ಲ. ಕಂಪ್ಯೂಟರ್ ಪಾಠ ಹೇಳಿ ಬದುಕುವ ನಾನೇ ಒಮ್ಮೆ ಬ್ಯಾಂಕಿನ ಸಹಾಯವಾಣಿ ಎಂದು ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡಿ, ವಂಚಕನೊಬ್ಬನಿಗೆ ಒಟಿಪಿ ಓದಿ ಹೇಳಿದವನು. ಹದಿನೆಂಟು ಸಾವಿರ ರೂಪಾಯಿ ಹೋಯಿತು. ಈಗ ಎಟಿಎಂ ಕಾರ್ಡಿನ ಹಿಂದೆ ಅಚ್ಚಾದ ನಂಬರನ್ನಷ್ಟೇ ನಂಬುತ್ತೇನೆ. ನನ್ನಂತೆ ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಯಸ್ಸಿನ ಮಾತು ಬಿಡಿ. ನೇಗಿಲು ಬಿಟ್ಟು ಟ್ರ್ಯಾಕ್ಟರ್ ಹತ್ತಿದಾಗ ಕೇಳದ ಪ್ರಶ್ನೆಯನ್ನು ಈಗ ಕೇಳುತ್ತಿದ್ದೀರಿ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಬದಲಿಸಲು ಒಂದು ನಿಮಿಷ ಬೇಕು, ಹಿಡಿಸದಿದ್ದರೆ ಮರಳಲು ಇನ್ನೊಂದು ನಿಮಿಷ.

ಪ್ರಶ್ನೆ: ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆಂದು ಹುಡುಕಿದರೆ ಹತ್ತಾರು ವೆಬ್‌ಸೈಟ್‌ಗಳು ಬರುತ್ತವೆ. ಯಾವುದು ನಿಜವಾದದ್ದು? (ಸುರಪುರ)

ಉತ್ತರ: ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಯಾಗದಿದ್ದರೆ ಅಲ್ಲಿ ಆಧಾರ್ ಸಂಖ್ಯೆ ತುಂಬಬೇಡಿ.

ಪ್ರಶ್ನೆ: ನಮ್ಮ ಬಿದರಿ ಅಂಗಡಿಯನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುವ ಖಾತರಿ ಕೊಟ್ಟು ಒಬ್ಬರು 25,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ? (ಬೀದರ್)

ಉತ್ತರ: ಕೊಡಬೇಡಿ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯುವುದು ಉಚಿತ. ಅಂಗಡಿಯ ವಿಳಾಸ, ತೆರೆದಿರುವ ಸಮಯ ಮತ್ತು ನಿಮ್ಮ ಹೂಜಿಗಳ ನಾಲ್ಕು ಒಳ್ಳೆಯ ಫೋಟೊಗಳನ್ನು ನೀವೇ ಹಾಕಿ.